ಸುಣ್ಣದ ಗೋಡೆ ಮುಂದಿನ ಮುಖ

ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಒಂದು ಫೋಟೋ ಇದೆ. ಠಾಣಾ ಕುಶನೂರ ಸೀಮೆಯಲ್ಲಿ ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ತೆಗೆಸಿದ್ದು. ನಲವತ್ತು ವರ್ಷ ದಾಟಿತು. ನಡುವೆ ಕುರ್ಚಿಗಳ ಮೇಲೆ ಮಾಸ್ತರರು: ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಅವರ ಹಿಂದೆ ಹುಡುಗರ ಸಾಲು. ಎಲ್ಲರ ಹಿಂದೆ ಆಗಷ್ಟೇ ಸುಣ್ಣ ಹೊಡೆದ ಗೋಡೆ. ಸಾಲಿನ ಎಡತುದಿಗೆ, ಬೇವಿನ ಗಿಡದ ನೆರಳು ಬಿದ್ದ ಕಡೆ, ನಮ್ಮ ಕೇರಿಯ ಐದು ಹುಡುಗರು. ಅಲ್ಲಿ ನಿಲ್ಲಿರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕ್ಲಾಸಿನಲ್ಲಿ ಕೂತ ಜಾಗವೇ ಫೋಟೋದಲ್ಲಿ ನಿಂತ ಜಾಗ. ಶಾಲೆಯ ಹೆಸರು ಇಲ್ಲಿ ಬೇಡ. ಆ ಕಾಲದ ಎಷ್ಟೋ ಶಾಲೆಗಳ ಫೋಟೋ ಹೀಗೇ ಇದ್ದಾವು.

ಫೋಟೋ ಮನೆಗೆ ತಂದಾಗ ಅವ್ವ ಚಿಮಣಿ ಬೆಳಕಿಗೆ ಹಿಡಿದು ನೋಡಿದಳು.

"ಇದರಾಗ ನೀ ಎಲ್ಲಿದ್ದಿ ಯಪ್ಪಾ?"

"ಇಲ್ಲಿ ನೋಡವ್ವಾ, ಈ ಕಡಿಂದ ಮೂರನೇದಾಂವ."

"ಇದು ನೀನಾ? ಮಾರಿನೇ ಇಲ್ಲಲ್ಲೋ. ಅಂಗಿ ಒಂದೇ ನಿಂತದ."

ಖರೇ ಇತ್ತು. ಅಂಗಿ ಇತ್ತು, ಗುಂಡಿ ಇತ್ತು, ಅದರ ಮೇಲೆ ಒಂದು ಮಸಿ ಗುಡ್ಡೆ. ಮುಂದಿನ ಸಂತೆಗೆ ಆ ಫೋಟೋದವರು ಬಂದಾಗ ಕೇಳಿಯೇಬಿಟ್ಟೆ. "ಕಾಕಾ, ನಮ್ಮ ಮಾರಿ ಯಾಕ ಕಾಣಲ್ಲ?" ಅವರು ಸಿಟ್ಟಾಗಲಿಲ್ಲ. ಅಂಗೈಯಷ್ಟು ದೊಡ್ಡ ಮೀಟರನ್ನು ಕಿಸೆಯಿಂದ ತೆಗೆದು ತೋರಿಸಿದರು. "ತಮ್ಮಾ, ಇದು ತೋರ್ಸಿದಷ್ಟೇ ಬೆಳಕು ಕೊಟ್ಟೀನಿ. ಮಾಸ್ತರು ಛಂದ ಬಂದಾರಲ್ಲ? ಅಂದಮ್ಯಾಲ ಮೀಟರ್ ತಪ್ಪಿಲ್ಲ. ನೀವೇ ಕರ್ರಗ ಇದ್ದೀರಿ."

ಮೀಟರ್ ತಪ್ಪಿಲ್ಲ, ನೀವೇ ಕರ್ರಗ ಇದ್ದೀರಿ. ಮುಂದೆ ನಾನು ತಾಲೂಕು ಊರಿನ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ಕತ್ತಲ ಕೋಣೆಯಲ್ಲಿ ಕೈ ಕಪ್ಪಾಗುವವರೆಗೆ ಪ್ರಿಂಟು ತೊಳೆದೆ. ಅಲ್ಲಿ ಕಲಿತದ್ದರಿಂದ, ಆಮೇಲೆ ಓದಿದ್ದರಿಂದ ಒಂದು ಮಾತು ಗಟ್ಟಿಯಾಯಿತು. ಆ ಕಾಕಾ ಸುಳ್ಳು ಹೇಳಿರಲಿಲ್ಲ. ಅವರ ಕೈಗೆ ಬಂದ ಅಳತೆಗೋಲೇ ಸುಳ್ಳು ಕಲಿತು ಬಂದಿತ್ತು. ಆ ಸುಳ್ಳಿಗೂ ಒಂದು ಚರಿತ್ರೆ ಇದೆ.

*

ಮೊದಲು ಮೀಟರಿನ ಕೆಲಸ ತಿಳಿಯಬೇಕು. ತಿಳಿಯದೆ ಬೈದರೆ ಪ್ರಯೋಜನವಿಲ್ಲ.

ಹಳೆಯ ಮೀಟರಿಗೆ ಕಣ್ಣಿದೆ, ಗುರುತಿಲ್ಲ. ಎದುರಿಗಿರುವುದು ಗೋಡೆಯೋ, ಎಮ್ಮೆಯೋ, ಮನುಷ್ಯನೋ ಅದಕ್ಕೆ ಗೊತ್ತಿಲ್ಲ. ಚೌಕಟ್ಟಿನೊಳಗಿನಿಂದ ಬರುವ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತದೆ. ಜಗತ್ತಿನ ಯಾವ ನೋಟವಾದರೂ ಸರಾಸರಿಯಲ್ಲಿ ನಡುವಿನ ಬೂದುಬಣ್ಣವೇ ಎಂದು ಅದಕ್ಕೆ ಕಲಿಸಿದ್ದಾರೆ. ಕೊಡಾಕ್ ಕಂಪನಿ ಇದಕ್ಕಾಗಿಯೇ ಒಂದು ರಟ್ಟಿನ ಕಾರ್ಡು ಮಾರುತ್ತಿತ್ತು. ಒಂದು ಮಗ್ಗುಲು ಬೂದು. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ತಿರುಗಿ ಕೊಡುತ್ತದೆ. ಇನ್ನೊಂದು ಮಗ್ಗುಲು ಬಿಳಿ. ನೂರಕ್ಕೆ 90 ಪಾಲು ಕೊಡುತ್ತದೆ. ನಮ್ಮ ಕಣ್ಣಿಗೆ ಕಪ್ಪು-ಬಿಳುಪಿನ ನಟ್ಟನಡುವೆ ಕಾಣುವುದು ಆ 18. ಮೀಟರಿನ ದೇವರು ಅದೇ.

ಈಗ ಈ ಮೀಟರನ್ನು ನಮ್ಮ ಔರಾದ-ಭಾಲ್ಕಿ ಕಡೆಯ ಎರೆಹೊಲದ ಮುಂದೆ ಹಿಡಿಯಿರಿ. ಮಳೆ ಬಿದ್ದ ಎರೆಮಣ್ಣು ಕಪ್ಪು. ಮೀಟರ್ ಹೇಳುತ್ತದೆ: ಬೆಳಕು ಸಾಲದು, ಇನ್ನೂ ಕೊಡು. ಕೊಟ್ಟರೆ ಕಪ್ಪು ಮಣ್ಣು ಬೂದಿಯಾಗಿ ಬರುತ್ತದೆ. ಸುಣ್ಣದ ಗೋಡೆಯ ಮುಂದೆ ಹಿಡಿಯಿರಿ. ಮೀಟರ್ ಹೇಳುತ್ತದೆ: ಬೆಳಕು ಅತಿಯಾಯಿತು, ಕಡಿಮೆ ಮಾಡು. ಮಾಡಿದರೆ ಬಿಳಿ ಗೋಡೆ ಮಾಸಲಾಗುತ್ತದೆ, ಅದರ ಮುಂದೆ ನಿಂತ ಕಪ್ಪು ಮುಖ ಮಸಿಯಾಗುತ್ತದೆ.

ಬೀದರಿನ ಬಿದ್ರಿ ಕೆಲಸ ಎಲ್ಲರಿಗೂ ಗೊತ್ತು. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಆ ಹೂದಾನಿಯನ್ನು ಚೌಕಟ್ಟಿನ ತುಂಬ ಇಟ್ಟು ಮೀಟರ್ ಹೇಳಿದಂತೆ ತೆಗೆದರೆ ಕಪ್ಪು ಹೋಗಿ ಬೂದು ಬರುತ್ತದೆ, ಬೆಳ್ಳಿ ಸುಟ್ಟಂತೆ ಬೆಳ್ಳಗೆ ಚೆಲ್ಲುತ್ತದೆ. ಅಲ್ಲಿ ಬೆಳಕನ್ನು ಅರ್ಧಕ್ಕೆ ಇಳಿಸಬೇಕು, ಅಂದರೆ ಒಂದು ಸ್ಟಾಪ್ ಕಡಿಮೆ. ಸುಣ್ಣದ ಗೋಡೆಯ ಮುಂದಿನ ಹುಡುಗನಿಗೆ ಬೆಳಕನ್ನು ಇಮ್ಮಡಿ ಮಾಡಬೇಕು, ಅಂದರೆ ಒಂದು ಸ್ಟಾಪ್ ಹೆಚ್ಚು. ಕಪ್ಪು ಎರಡೂ ಕಡೆ ಕಪ್ಪೇ. ತಿದ್ದುಪಡಿ ಮಾತ್ರ ತಿರುವುಮುರುವು. ಕಾರಣವೇನು? ಹೂದಾನಿ ಚೌಕಟ್ಟಿನ ತುಂಬ ಕೂತಿದೆ. ಹುಡುಗ ಮೂಲೆಯಲ್ಲಿ ನಿಂತಿದ್ದಾನೆ.

ಗುಟ್ಟು ಇಲ್ಲಿದೆ. ಮೀಟರ್ ಎಣಿಸುವುದು ಜಾಗವನ್ನು. ಚೌಕಟ್ಟಿನಲ್ಲಿ ಹೆಚ್ಚು ಜಾಗ ಹಿಡಿದವರು ಯಾರೋ ಬೆಳಕು ಅವರ ಲೆಕ್ಕಕ್ಕೆ ನಿರ್ಧಾರವಾಗುತ್ತದೆ. ನಮ್ಮ ಶಾಲೆಯ ಫೋಟೋದಲ್ಲಿ ಗೋಡೆ, ಧೋತರ, ಟೊಪ್ಪಿಗೆ ಸೇರಿ ಮುಕ್ಕಾಲು ಜಾಗ ಹಿಡಿದಿದ್ದವು. ನಾವು ಐದು ಮಂದಿ ತುದಿಯಲ್ಲಿದ್ದೆವು. ತೀರ್ಪು ಮೊದಲೇ ಆಗಿಹೋಗಿತ್ತು.

ಕಪ್ಪು ಬಣ್ಣವೆಂದರೆ ದಲಿತ, ಬಿಳಿ ಬಣ್ಣವೆಂದರೆ ಮೇಲ್ಜಾತಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕೇರಿಯಲ್ಲಿ ಬೆಳ್ಳಗಿನವರಿದ್ದಾರೆ, ಅಗ್ರಹಾರದಲ್ಲಿ ಕಪ್ಪಗಿನವರಿದ್ದಾರೆ. ಹೊಲದ ಬಿಸಿಲು ಜಾತಿ ಕೇಳಿ ಸುಡುವುದಿಲ್ಲ. ಆದರೆ ಬಿಸಿಲಿನಲ್ಲಿ ದಿನವಿಡೀ ನಿಲ್ಲುವವರು ಯಾರು, ಚೌಕಟ್ಟಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂರುವವರು ಯಾರು ಎಂಬುದನ್ನು ಜಾತಿ ಕೇಳಿಯೇ ನಿಶ್ಚಯಿಸಿದ್ದರು.

*

ಫೋಟೋ ಎಂಬ ವಿದ್ಯೆ 1839ರಲ್ಲಿ ಫ್ರಾನ್ಸಿನಲ್ಲಿ ಲೋಕಕ್ಕೆ ಗೊತ್ತಾಯಿತು. ಮರುವರ್ಷವೇ ಕಲ್ಕತ್ತೆಗೆ ಬಂತು. ಆ ಕಾಲದ ರಸಾಯನಕ್ಕೆ ಒಂದು ಕುರುಡಿತ್ತು. ಅದಕ್ಕೆ ನೀಲಿ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡಲು ಆಗುತ್ತಿದ್ದುದು ಇದರಿಂದಲೇ. ನಮ್ಮಂಥವರ ಕಂದು ಚರ್ಮ ತಿರುಗಿ ಕೊಡುವ ಬೆಳಕಿನಲ್ಲಿ ಕೆಂಪಿನ ಪಾಲು ಹೆಚ್ಚು, ನೀಲಿಯ ಪಾಲು ಕಡಿಮೆ. ಹಾಗಾಗಿ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿ ನಾವು ಗಾಜಿನ ಮೇಲೆ ಇಳಿದೆವು. ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಬಣ್ಣ ಬೆರೆಸಿ ಈ ಕುರುಡನ್ನು ಸ್ವಲ್ಪ ಕಳೆದ. ಎಲ್ಲ ಬಣ್ಣ ಕಾಣುವ ಗಾಜು 1906ರಲ್ಲಿ ಮಾರಾಟಕ್ಕೆ ಬಂತು. ಮೊದಲ ಅರವತ್ತು-ಎಪ್ಪತ್ತು ವರ್ಷದ ಫೋಟೋಗಳಲ್ಲಿ ಈ ದೇಶದ ದುಡಿಯುವ ಮಂದಿ ಇದ್ದ ಬಣ್ಣಕ್ಕಿಂತ ಕಪ್ಪಾಗಿದ್ದಾರೆ. ನೋಡಿದ ದೊರೆಗಳು ಇವರು ಹೀಗೇ ಎಂದು ಬರೆದುಕೊಂಡರು.

ಬರೆದುಕೊಂಡದ್ದು ಸಣ್ಣ ಪ್ರಮಾಣದಲ್ಲಲ್ಲ. 1868ರಿಂದ 1875ರವರೆಗೆ ಫೋರ್ಬ್ಸ್ ವಾಟ್ಸನ್, ಜಾನ್ ಕೇ ಎಂಬ ಇಬ್ಬರು ಸರ್ಕಾರಕ್ಕಾಗಿ 'ದಿ ಪೀಪಲ್ ಆಫ್ ಇಂಡಿಯಾ' ಎಂಬ 8 ಸಂಪುಟ ತಂದರು. ಅದರಲ್ಲಿ 468 ಫೋಟೋ. 1857ರ ದಂಗೆ ಕಂಡಿದ್ದ ಸರ್ಕಾರಕ್ಕೆ ತನ್ನ ಪ್ರಜೆಗಳು ಯಾರೆಂದು ಗುರುತು ಹಿಡಿಯಬೇಕಾಗಿತ್ತು. ಮದರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಕೈಯಲ್ಲಿ ಇಕ್ಕಳದಂಥ ಅಳತೆಗೋಲು ಹಿಡಿದು ಮೂಗು, ತಲೆ ಅಳೆಯುತ್ತ, ಫೋಟೋ ತೆಗೆಯುತ್ತ ತಿರುಗಿದ. 1909ರಲ್ಲಿ 7 ಸಂಪುಟ ಬಂತು. ಅದರಲ್ಲಿ ಮನುಷ್ಯ ಅವನ ಹೆಸರಿನಿಂದ ಇಲ್ಲ, ಜಾತಿಯ ಮಾದರಿಯಾಗಿ ಇದ್ದಾನೆ. ದನದ ಸಂತೆಯಲ್ಲಿ ಹಲ್ಲು ನೋಡುತ್ತಾರಲ್ಲ, ಹಾಗೆ.

ನಮ್ಮದು ನಿಜಾಮರ ಸೀಮೆ. ಇಲ್ಲಿ ರಾಜಾ ದೀನದಯಾಳ್ ಎಂಬ ಮಹಾ ಕುಶಲಿ ಇದ್ದರು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಫೋಟೋಗ್ರಾಫರು; 1905ರಲ್ಲಿ ತೀರಿಕೊಂಡರು. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ. ಅರಮನೆ, ಬೇಟೆ, ದರ್ಬಾರು ತೆಗೆದ ಅವರ ಸ್ಟುಡಿಯೋ ಬರಗಾಲದ ಪರಿಹಾರ ಕಾಮಗಾರಿಗಳನ್ನೂ ತೆಗೆಯಿತು. ಅವರ ಕಸುಬಿಗೆ ಕೈ ಮುಗಿಯುತ್ತೇನೆ. ಆದರೆ ದರ್ಬಾರಿನವರಿಗೆ ಹೆಸರು, ಪದವಿ, ಬಿರುದು ಇತ್ತು. ಬರದಲ್ಲಿ ಕಲ್ಲು ಹೊತ್ತವರು ಬರದ ಗುರುತಾಗಿ ಉಳಿದರು. 1947ರಲ್ಲಿ ಗುಲಾಮ್ ಯಜ್ದಾನಿಯವರು ಬೀದರಿನ ಚರಿತ್ರೆ, ಸ್ಮಾರಕಗಳ ಮೇಲೆ ದೊಡ್ಡ ಪುಸ್ತಕ ತಂದರು. ಕೋಟೆಗೂ ಗುಂಬಜಕ್ಕೂ ಅದರಲ್ಲಿ ಚೆನ್ನಾಗಿ ಬೆಳಕು ಸಿಕ್ಕಿದೆ. ಕಲ್ಲು ಕಡಿದವರ ಮೊಮ್ಮಕ್ಕಳಿಗೆ ಆ ಬೆಳಕು ಬರಲು ಇನ್ನೂ ತಡವಿತ್ತು.

ಬೆಳಕಿನ ಬೆಲೆ ಬೇಗ ತಿಳಿದವರೂ ಇದ್ದರು. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ತನ್ನ ಜೀವಮಾನದಲ್ಲಿ ಸುಮಾರು 160 ಸಲ ಕ್ಯಾಮೆರಾ ಮುಂದೆ ಕೂತ. ಆ ಶತಮಾನದ ಅಮೆರಿಕದಲ್ಲಿ ಅಷ್ಟು ಸಲ ಫೋಟೋ ತೆಗೆಸಿಕೊಂಡವರು ಇನ್ನೊಬ್ಬರಿಲ್ಲ. ಕಪ್ಪು ಮನುಷ್ಯನನ್ನು ನಗೆಚಿತ್ರದ ಗೊಂಬೆ ಮಾಡಿದ್ದ ದೇಶಕ್ಕೆ ಅವನು ತನ್ನ ಮುಖವನ್ನೇ ಉತ್ತರವಾಗಿ ಕೊಟ್ಟ. ಅದೇ ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ನಮ್ಮ ಪಕ್ಕದ ಮಹಾರಾಷ್ಟ್ರದ ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕ ಅರ್ಪಿಸಿದರು. ಆ ಕಡೆಯ ಕಪ್ಪಿಗೂ ಈ ಕಡೆಯ ಕೇರಿಗೂ ನಂಟು ಆಗಲೇ ಬಿದ್ದಿತ್ತು.

*

ಕೈಯಲ್ಲಿ ಹಿಡಿಯುವ ವಿದ್ಯುತ್ ಮೀಟರ್ 1930ರ ದಶಕದಲ್ಲಿ ಪೇಟೆಗೆ ಬಂತು. ವೆಸ್ಟನ್ ಕಂಪನಿಯದು 1932ರದು. ನಮ್ಮ ಕಡೆ ಅದು ಎಲ್ಲರ ಕೈಯಲ್ಲಿರಲಿಲ್ಲ. ಜನರ ಕೈಗೆ ಬಂದದ್ದು ಆಗ್ಫಾ ಕ್ಲಿಕ್ ಥರದ ಡಬ್ಬಿ ಕ್ಯಾಮೆರಾ. ಅದರಲ್ಲಿ ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಅಷ್ಟೇ. ಫಿಲಂ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'. ಉದಗೀರ, ಭಾಲ್ಕಿ, ಬೀದರಿನ ಸ್ಟುಡಿಯೋಗಳಲ್ಲಿ ಮಾತ್ರ ಲೆಕ್ಕದ ಫೋಟೋ.

ನಾನಿದ್ದ ಸ್ಟುಡಿಯೋದ ಉಸ್ತಾದರು ಒಂದು ಯುಕ್ತಿ ಹೇಳಿಕೊಟ್ಟಿದ್ದರು. ಮೀಟರನ್ನು ಗೋಡೆಗೆ ಹಿಡಿಯಬೇಡ, ನಿನ್ನ ಅಂಗೈಗೆ ಹಿಡಿ, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡು. ಮೈಬಣ್ಣ ನೂರು ಥರ ಇದ್ದರೂ ಅಂಗೈ ಮಾತ್ರ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಬೂದು ಕಾರ್ಡಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗೆ. ಕೂಲಿಯವನ ಅಂಗೈಯೂ ಸಾಹುಕಾರನ ಅಂಗೈಯೂ ಮೀಟರಿಗೆ ಸರಿಸಮ. ಯಾವ ಕಾರ್ಡೂ ಕೊಳ್ಳದೆ ಅಳತೆ ಸಿಕ್ಕಿತು.

ಅದೇ ಉಸ್ತಾದರು ಇನ್ನೊಂದು ಕೆಲಸವನ್ನೂ ಕಲಿಸಿದರು. ಲಗ್ನದ ಫೋಟೋಕ್ಕೆ ಹುಡುಗಿ ಬಂದರೆ ನೆಗೆಟಿವಿನ ಮುಖದ ಮೇಲೆ ಸಣ್ಣ ಕುಂಚದಿಂದ ಕೆಂಪು ಬಣ್ಣ ತೇಲಿಸಬೇಕು, ಚೂಪು ಪೆನ್ಸಿಲಿನಿಂದ ತಿದ್ದಬೇಕು. ಪ್ರಿಂಟಿನಲ್ಲಿ ಮುಖ ಬೆಳ್ಳಗೆ ಬರುತ್ತದೆ. "ಉಜಳ ಮಾಡ್ರಿ" ಎಂದು ಹುಡುಗಿಯ ಅಪ್ಪನೇ ಬೇಡುತ್ತಿದ್ದ. ನಾನೂ ಎಷ್ಟೋ ಮುಖ ಬೆಳಗಿಸಿದೆ. ಇದು ತಿದ್ದುಪಡಿಯಲ್ಲ, ಸುಣ್ಣ ಹೊಡೆಯುವುದು. ಇದ್ದ ಮುಖವನ್ನು ಇದ್ದಹಾಗೆ ತರುವುದು ಒಂದು, ಇಲ್ಲದ ಬಣ್ಣ ಬಳಿಯುವುದು ಇನ್ನೊಂದು. ನಮ್ಮ ಮನೆಗಳಲ್ಲಿ ತೂಗುವ ಬಾಬಾಸಾಹೇಬರ ಕ್ಯಾಲೆಂಡರ್ ನೋಡಿರಿ. ನೀಲಿ ಸೂಟು, ಗುಲಾಬಿ ಕೆನ್ನೆ, ಕೆಂಪು ತುಟಿ. ಅವರ ಮುಖಕ್ಕೂ ನಾವು ಕೆಂಪು ಬಣ್ಣದ ಕುಂಚ ತಾಗಿಸಿಬಿಟ್ಟೆವು.

*

ಬಣ್ಣದ ಫಿಲಂ ಬಂದ ಮೇಲೆ ಅಳತೆಗೋಲಿಗೆ ಮುಖವೇ ಬಂತು. 1950ರ ದಶಕದಲ್ಲಿ ಕೊಡಾಕ್ ಕಂಪನಿ ಪ್ರಿಂಟು ಮಾಡುವ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸತೊಡಗಿತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಮೊದಲು ಕೂತವಳ ಹೆಸರು ಶರ್ಲಿ. ಆಮೇಲೆ ಯಾರು ಕೂತರೂ ಕಾರ್ಡಿನ ಹೆಸರು ಶರ್ಲಿಯೇ. ಅವಳ ಮೈಬಣ್ಣ ಸರಿ ಬಂದರೆ ಮಷೀನು ಸರಿ ಇದೆ ಎಂದು ಲೆಕ್ಕ. ಶಾಲೆಯ ಫೋಟೋದಲ್ಲಿ ಬಿಳಿ ಮಕ್ಕಳು ಚೆಂದ ಬಂದು ಕಪ್ಪು ಮಕ್ಕಳು ಹಲ್ಲು-ಕಣ್ಣು ಮಾತ್ರವಾದಾಗ ಅಲ್ಲಿನ ತಾಯಂದಿರು ದೂರಿದರು. ಕಂಪನಿ ಅಲುಗಾಡಿದ್ದು ಬೇರೆ ದೂರಿಗೆ ಎಂದು ಅಲ್ಲಿ ಕೆಲಸ ಮಾಡಿದವರೇ ಲೋರ್ನಾ ರಾತ್ ಎಂಬ ಕೆನಡಾದ ವಿದ್ವಾಂಸೆಗೆ ಹೇಳಿದ್ದಾರೆ. 2009ರಲ್ಲಿ ಆಕೆ ಅದನ್ನು ಪ್ರಕಟಿಸಿದರು. ಚಾಕೊಲೇಟ್ ಮಾಡುವವರು, ಮರದ ಪೀಠೋಪಕರಣ ಮಾಡುವವರು ಬಂದು ನಮ್ಮ ಮಾಲಿನ ಕಂದು ಬಣ್ಣಗಳ ವ್ಯತ್ಯಾಸ ಫೋಟೋದಲ್ಲಿ ಕಾಣುತ್ತಿಲ್ಲ ಎಂದರಂತೆ. ಆಗ ಫಿಲಂ ಸುಧಾರಿಸಿತು. ಮಕ್ಕಳ ಮುಖಕ್ಕೆ ಸಿಗದ ಬೆಳಕು ಮೇಜಿಗೆ, ಮಿಠಾಯಿಗೆ ಸಿಕ್ಕಿತು. ಮಾರುಕಟ್ಟೆಯ ನ್ಯಾಯ ಹೀಗಿರುತ್ತದೆ. ಬೇರೆ ಬೇರೆ ಬಣ್ಣದ ಹೆಂಗಸರಿದ್ದ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಕಪ್ಪು ಮುಖ ಚೆನ್ನಾಗಿ ಬರಬೇಕೆಂದು ಆಸೆಪಟ್ಟ ಒಂದು ಸರ್ಕಾರ ಮೊದಲೇ ಇತ್ತು. ಯಾವುದು ಗೊತ್ತೆ? ವರ್ಣಭೇದದ ದಕ್ಷಿಣ ಆಫ್ರಿಕ. ಕರಿಯರು ಕಿಸೆಯಲ್ಲಿ ಪಾಸ್‌ಬುಕ್ ಇಟ್ಟುಕೊಳ್ಳದೆ ಹೆಜ್ಜೆ ಇಡುವಂತಿರಲಿಲ್ಲ. ಅದಕ್ಕೆ ಫೋಟೋ ಬೇಕು. ಪೋಲರಾಯ್ಡ್ ಕಂಪನಿಯ ಐಡಿ-2 ಎಂಬ ಕ್ಯಾಮೆರಾದಲ್ಲಿ ಮಿಂಚುದೀಪದ ಬೆಳಕು ಹೆಚ್ಚಿಸುವ ಗುಂಡಿ ಇತ್ತು. 1970ರಲ್ಲಿ ಅದೇ ಕಂಪನಿಯ ಕರಿಯ ಕೆಲಸಗಾರರಾದ ಕ್ಯಾರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ತಮ್ಮ ಕಂಪನಿಯ ಮಾಲು ಅಲ್ಲಿನ ಗುರುತುಚೀಟಿಗೆ ಹೋಗುತ್ತಿದೆಯೆಂದು ಪತ್ತೆಹಚ್ಚಿ ಬೀದಿಗಿಳಿದರು. ಕೆಲಸ ಕಳೆದುಕೊಂಡರು, ಬಿಡಲಿಲ್ಲ. 1977ರಲ್ಲಿ ಕಂಪನಿ ದಕ್ಷಿಣ ಆಫ್ರಿಕ ಬಿಟ್ಟಿತು. ಬೆಳಕು ಹೆಚ್ಚಾದರೆ ಸಾಲದು, ಗುಂಡಿ ಯಾರ ಕೈಯಲ್ಲಿದೆ ಎಂಬುದನ್ನೂ ಕೇಳಬೇಕೆಂದು ಈ ಚರಿತ್ರೆ ಕಲಿಸುತ್ತದೆ.

ಗುರುತುಚೀಟಿಯ ಕತೆ ನಮಗೆ ಹೊಸದಲ್ಲ. 1993ರಲ್ಲಿ ಮತದಾರರ ಫೋಟೋಚೀಟಿಗೆ ಆದೇಶವಾಯಿತು. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ಬೀದರ ಜಿಲ್ಲೆಗೆ ಬಂತು. ಜಾಬ್ ಕಾರ್ಡಿಗೆ ಫೋಟೋ. 2023ರ ಜನವರಿ 1ರಿಂದ ಆ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ಹಿಡಿದು ಹಾಜರಿ ಹಾಕುವುದು ಎಲ್ಲ ಕಡೆ ಕಡ್ಡಾಯವಾಯಿತು. ಕೆರೆಯಂಗಳದಲ್ಲಿ ಹಿಂದೆ ಉರಿಯುವ ಆಕಾಶ, ಮುಂದೆ ತಲೆಗೆ ಸೆರಗು ಹೊದ್ದ ಹೆಂಗಸರು. ಮೊಬೈಲು ಆಕಾಶಕ್ಕೆ ಅಳತೆ ಮಾಡಿದರೆ ಬುಟ್ಟಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಿಂದೆ ಮುಖ ಕಾಣದಿದ್ದರೆ ಅವ್ವನಿಗೆ ಬೇಜಾರು. ಕೂಲಿಗೆ ಫೋಟೋವೇ ಸಾಕ್ಷಿಯಾದ ಮೇಲೆ ಅದು ರೊಟ್ಟಿಯ ಮಾತು.

ಯಂತ್ರ ಈಗ ಮುಖವನ್ನೂ ಗುರುತಿಸುತ್ತದಲ್ಲ ಎನ್ನಬಹುದು. 2018ರಲ್ಲಿ ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಕರಿಯ ಹೆಣ್ಣುಮಕ್ಕಳು ಮೂರು ದೊಡ್ಡ ಕಂಪನಿಗಳ ಅಂಥ ಯಂತ್ರಗಳನ್ನು ಪರೀಕ್ಷೆಗೆ ಹಚ್ಚಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳಬೇಕು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಹೆಂಗಸರಲ್ಲಿ 34.7ರವರೆಗೆ. ಶರ್ಲಿ ಸತ್ತಿರಲಿಲ್ಲ, ಯಂತ್ರದೊಳಗೆ ಹೊಕ್ಕು ಕೂತಿದ್ದಳು.

*

ಇನ್ನು ಆ ಚಕ್ರದ ಮಾತು. ಬೆಳಕನ್ನು ಕೈಯಿಂದಲೇ ಇಡುತ್ತಿದ್ದ ಕಾಲದಲ್ಲಿ ತಿದ್ದುವುದು ತೆಗೆಯುವವನ ವಿವೇಕಕ್ಕೆ ಬಿಟ್ಟದ್ದು. ಆಮೇಲೆ ಕ್ಯಾಮೆರಾ ತಾನೇ ನಿರ್ಧರಿಸತೊಡಗಿತು. ನಿರ್ಧಾರ ತಪ್ಪಾಗುವುದು ಮಾಡಿದವರಿಗೇ ಗೊತ್ತಿತ್ತು. 1976ರ ಕ್ಯಾನನ್ ಎಇ-1ರಲ್ಲಿ ಹಿಂಬೆಳಕಿಗೆಂದೇ ಒಂದು ಗುಂಡಿ ಇಟ್ಟರು. ಒತ್ತಿದರೆ ಒಂದೂವರೆ ಸ್ಟಾಪ್ ಹೆಚ್ಚು. ಬೇರೆ ಕ್ಯಾಮೆರಾಗಳಲ್ಲಿ ಅಧಿಕ ಒಂದು, ಅಧಿಕ ಎರಡು, ಕಡಿಮೆ ಒಂದು, ಕಡಿಮೆ ಎರಡು ಎಂದು ಬರೆದ ಚಕ್ರ. ಇಂಗ್ಲಿಷಿನಲ್ಲಿ ಅದಕ್ಕೆ ಎಕ್ಸ್‌ಪೋಜರ್ ಕಾಂಪನ್ಸೇಶನ್ ಎನ್ನುತ್ತಾರೆ. ಆ ಚಕ್ರ ಯಂತ್ರ ಮಾಡಿದವನ ತಪ್ಪೊಪ್ಪಿಗೆ. ನನ್ನ ಅಳತೆ ಎಲ್ಲರಿಗೂ ಹೊಂದದು, ನಿಮ್ಮ ಕೈ ಬೇಕು ಎಂದು ಅವನೇ ಬರೆದುಕೊಟ್ಟಿದ್ದಾನೆ.

ಕಾಂಪನ್ಸೇಶನ್ ಎಂಬ ಮಾತು ನಮ್ಮ ಕೇರಿಗೆ ಗೊತ್ತು. ಗುಡಿಸಲು ಸುಟ್ಟ ಮೇಲೆ, ಹೆಣ ಬಿದ್ದ ಮೇಲೆ ತಹಸೀಲ್ದಾರರು ಕೊಡುವ ರೊಕ್ಕಕ್ಕೆ ಆ ಹೆಸರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮ ಬಂದು ಯಾವ ಗಾಯಕ್ಕೆ ಎಷ್ಟು ಎಂದು ಪಟ್ಟಿಯಾಯಿತು. ಆ ಪರಿಹಾರ ಗಾಯವಾದ ಮೇಲಿನದು. ಕ್ಯಾಮೆರಾದ ಪರಿಹಾರ ಗುಂಡಿ ಒತ್ತುವ ಮೊದಲಿನದು. ಈ ವ್ಯತ್ಯಾಸ ದೊಡ್ಡದು. ಬೆಳಕು ತಾಗದ ಫಿಲಂ ತೊಳೆದರೆ ಆ ಜಾಗದಲ್ಲಿ ಬೆಳ್ಳಿಯೇ ಉಳಿಯುವುದಿಲ್ಲ, ಬರಿ ಗಾಜಿನಂತೆ ಪಾರದರ್ಶಕ. ಆಮೇಲೆ ಯಾವ ಉಸ್ತಾದ ಬಂದರೂ ಇಲ್ಲದ ಮುಖವನ್ನು ತೆಗೆದುಕೊಡಲಾರ. ನನ್ನ ಏಳನೇ ಕ್ಲಾಸಿನ ಮುಖವನ್ನು ಈಗ ಯಾವ ಸರ್ಕಾರವೂ ಕೊಡಲಾರದು.

ಎಲ್ಲರಿಗೂ ಒಂದೇ ಅಳತೆ ಇರಲಿ, ಯಾರಿಗೂ ಹೆಚ್ಚು ಬೇಡ, ಅದೇ ಸಮಾನತೆ ಎನ್ನುವವರು ಪ್ರತಿ ವರ್ಷ ಮೀಸಲಾತಿಯ ವಿರುದ್ಧ ಬರೆಯುತ್ತಾರೆ. ಅವರು ಒಮ್ಮೆ ಕ್ಯಾಮೆರಾ ಹಿಡಿಯಲಿ. 1918ರಲ್ಲಿ ನಾಲ್ವಡಿ ಕೃಷ್ಣರಾಜರು ಮಿಲ್ಲರ್ ಸಮಿತಿ ನೇಮಿಸಿದಾಗ, 1975ರಲ್ಲಿ ಹಾವನೂರ ವರದಿ ಬಂದಾಗ, 2012ರ ಕೊನೆಗೆ ಸಂಸತ್ತು ನಮ್ಮ ಸೀಮೆಗಾಗಿ 371ಜೆ ಒಪ್ಪಿದಾಗ ಆದದ್ದು ಚಕ್ರವನ್ನು ಒಂದೊಂದು ಗೆರೆ ತಿರುಗಿಸಿದ್ದು. ಅದರಿಂದ ಯಾರ ಮುಖಕ್ಕೂ ಸುಣ್ಣ ಬಳಿದಂತಾಗಲಿಲ್ಲ. ತುದಿಯಲ್ಲಿ ನಿಂತವನು ಇದ್ದಹಾಗೆ ಕಾಣಲು ಬೇಕಾದ ಬೆಳಕು ಅಷ್ಟು. ಮೀಟರ್ ತಪ್ಪಿಲ್ಲ, ನೀವೇ ಕರ್ರಗ ಇದ್ದೀರಿ ಎಂಬ ಮಾತು ಸಂತೆಯಲ್ಲಿ ಮಾತ್ರ ಕೇಳುವುದಿಲ್ಲ, ಕಾಲೇಜಿನ ಸ್ಟಾಫ್ ರೂಮಿನಲ್ಲೂ ಕೇಳುತ್ತದೆ.

*

ನಮ್ಮ ಕಡೆ ಏಪ್ರಿಲ್ 14 ಎಂದರೆ ನೆತ್ತಿ ಸುಡುವ ಬಿಸಿಲು. ಬೌದ್ಧರಾದ ಮನೆಗಳಲ್ಲಿ ಹೆಂಗಸರು ಬಿಳಿ ಸೀರೆ ಉಡುತ್ತಾರೆ, ಗಂಡಸರು ಬಿಳಿ ಅಂಗಿ ತೊಡುತ್ತಾರೆ. ಬಿಳಿ ಬಟ್ಟೆ, ಬಿಳಿ ಗೋಡೆ, ಬಿಳಿ ಬಿಸಿಲು. ಮೀಟರ್ ಮೋಸ ಹೋಗಲು ಇದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ. ಈ ಸಲ ಅಣ್ಣನ ಮೊಮ್ಮಗಳು ಅವ್ವನನ್ನು ಗೋಡೆಯ ಮುಂದೆ ನಿಲ್ಲಿಸಿ ಮೊಬೈಲ್ ಹಿಡಿದಳು. ಮೊದಲ ಫೋಟೋದಲ್ಲಿ ಅದೇ ಹಳೆಯ ಕತೆ, ಸೀರೆ ಇದೆ, ಮುಖವಿಲ್ಲ. ನಾನು ಹೇಳಿಕೊಟ್ಟೆ. ಪರದೆಯ ಮೇಲೆ ಅವ್ವನ ಮುಖದ ಹತ್ತಿರ ಬೆರಳಿಡು, ಅಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲಕ್ಕೆ ಎಳಿ. ಮುಖದ ಗೆರೆಗಳು ಕಾಣುವವರೆಗೆ ಎಳಿ, ಅದಕ್ಕಿಂತ ಹೆಚ್ಚು ಬೇಡ. ಹುಡುಗಿ ಎಳೆದಳು. ಹಣೆಯ ಹಚ್ಚೆ ಕಂಡಿತು, ಕೆನ್ನೆಯ ಸುಕ್ಕು ಕಂಡಿತು, ಕಂದು ಬಣ್ಣ ಕಂದಾಗಿಯೇ ಬಂತು. ಹಿಂದಿನ ಗೋಡೆ ಮಾತ್ರ ಬೆಳ್ಳಗೆ ಚೆಲ್ಲಿಹೋಯಿತು.

ಅವ್ವ ಮೊಬೈಲನ್ನು ಕಣ್ಣಿಗೆ ಹತ್ತಿರ ತಂದು ನೋಡಿದಳು. "ನಾ ಬಂದೀನಿ ಖರೇ. ಆದ್ರ ಗೋಡಿ ಎಲ್ಲಾ ಸುಟ್ಟಂಗ ಆಗ್ಯದಲ್ಲ ಪೋರಿ?"

"ಗೋಡಿ ಹೋದ್ರ ಹೋಗ್ಲಿ ಬಿಡು ಆಯಿ," ಎಂದಳು ಹುಡುಗಿ. "ಗೋಡಿ ಫೋಟೋ ಯಾರಿಗಿ ಬೇಕಾಗ್ಯದ?"